ರೆಪ್ಪೆ ಮುಚ್ಚುವ ಸಂಕೇತ, ರೆಪ್ಪೆ ತೆರೆಯುವ ಸಂಕೇತ: ಭ್ರೂಣದಲ್ಲೂ ಕ್ಯಾನ್ಸರಿನಲ್ಲೂ ಜೀವಕೋಶಗಳ ಮಾತುಕತೆ

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಸಭಿಕರು ಕೇಳಿದ ಮೂರು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಇಲಿಮರಿ ಹುಟ್ಟುವಾಗ ಅದರ ಕಣ್ಣು ಮುಚ್ಚಿರುತ್ತದೆ. ಮೇಲಿನ ರೆಪ್ಪೆ ಮತ್ತು ಕೆಳಗಿನ ರೆಪ್ಪೆ ಅಂಟಿಕೊಂಡು ಒಂದೇ ಚರ್ಮದಂತಾಗಿರುತ್ತವೆ. ಸುಮಾರು ಎರಡು ವಾರ ಕಳೆದ ಮೇಲೆ ನಡುವೆ ಸೀಳು ಮೂಡಿ ಮರಿ ಕಣ್ಣು ಬಿಡುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿ, ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ರಸವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚುತ್ತಿದ್ದರು. ಅವರು ನೋಡಬೇಕೆಂದಿದ್ದದ್ದು ನರಗಳ ಮೇಲಾಗುವ ಪರಿಣಾಮವನ್ನು. ಆದರೆ ಆರೇಳು ದಿನಕ್ಕೆಲ್ಲ ಮರಿಗಳು ಕಣ್ಣು ಬಿಟ್ಟವು. ಹಲ್ಲುಗಳೂ ಹೊತ್ತಿಗೆ ಮುಂಚೆಯೇ ಮೂಡಿದವು. ನರ ಬೆಳೆಸುವ ವಸ್ತುವಿಗೆ ರೆಪ್ಪೆಯಲ್ಲಿ ಏನು ಕೆಲಸ? ರಸದಲ್ಲಿ ಇನ್ನೊಂದು ವಸ್ತುವೂ ಇರಬೇಕು ಎಂದು ಕೋಹೆನ್ ಊಹಿಸಿದರು. ಮರಿ ಎಷ್ಟನೆಯ ದಿನ ಕಣ್ಣು ಬಿಡುತ್ತದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಅದನ್ನು ಬೇರ್ಪಡಿಸುತ್ತ ಹೋದರು. 1962ರಲ್ಲಿ ಅದು ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿತು. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ (ಹೊರಚರ್ಮವನ್ನು ಬೆಳೆಸುವ ಅಂಶ), ಚಿಕ್ಕದಾಗಿ ಇಜಿಎಫ್ ಎಂದು ನಾವು ಈಗ ಕರೆಯುವುದು ಅದನ್ನೇ. ಬರೀ 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್.

ಈ ಕತೆಯ ಇನ್ನೊಂದು ಅರ್ಧ ತಿಳಿದದ್ದು ಬಹಳ ತಡವಾಗಿ. ಹುಟ್ಟುವಾಗಲೇ ಕಣ್ಣು ತೆರೆದಿರುವ, ಮೈಕೂದಲು ಅಲೆಅಲೆಯಾಗಿರುವ ಒಂದು ಬಗೆಯ ಇಲಿಗಳು ಪ್ರಯೋಗಾಲಯಗಳಲ್ಲಿ 1930ರ ದಶಕದಿಂದಲೂ ಇದ್ದವು. ಅವುಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು 1993–94ರಲ್ಲಿ ಗೊತ್ತಾಯಿತು. ಒಂದು ತಳಿಯಲ್ಲಿ ಕೆಟ್ಟಿದ್ದದ್ದು ಇಜಿಎಫ್‌ನ ಹತ್ತಿರದ ಬಂಧುವಾದ ಟಿಜಿಎಫ್-ಆಲ್ಫಾ. ಇನ್ನೊಂದರಲ್ಲಿ, ಇವೆರಡೂ ಬಂದು ಕೂರುವ ಗ್ರಾಹಿ, ಅಂದರೆ ಕೋಶದ ಮೇಲ್ಮೈಯಲ್ಲಿರುವ ರಿಸೆಪ್ಟರ್. ಭ್ರೂಣದಲ್ಲಿ ಎರಡೂ ರೆಪ್ಪೆಗಳ ಅಂಚಿನ ಕೋಶಗಳು ಮುಂದಕ್ಕೆ ಹರಿದು ಕಣ್ಣಿನ ಮೇಲೆ ಕೂಡಿಕೊಳ್ಳಬೇಕಾದರೆ ಈ ಸಂಕೇತ ಬೇಕು. ಅದು ಇಲ್ಲದಿದ್ದರೆ ಕಣ್ಣು ಮುಚ್ಚುವುದೇ ಇಲ್ಲ. ಹುಟ್ಟಿದ ಮೇಲೆ ಕೊಟ್ಟರೆ ಅದೇ ಸಂಕೇತ ಅದೇ ರೆಪ್ಪೆಯನ್ನು ಬೇಗ ತೆರೆಯಿಸುತ್ತದೆ. ವಸ್ತು ಅದೇ, ಗ್ರಾಹಿ ಅದೇ, ಅಂಗವೂ ಅದೇ. ನಡುವೆ ಕಳೆದಿರುವುದು ಕೆಲವು ದಿನಗಳು ಮಾತ್ರ. ಅಷ್ಟರಲ್ಲಿ ಫಲ ತಲೆಕೆಳಗಾಗಿದೆ.

ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಇದೊಂದೇ. ಕೋಶಕ್ಕೆ ಹೊರಗಿನಿಂದ ಬರುವ ಸಂಕೇತದಲ್ಲಿ ಆಜ್ಞೆ ಬರೆದಿರುವುದಿಲ್ಲ. ಯಾವ ಕೋಶ, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಅದನ್ನು ಪಡೆಯಿತು ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ‘ಗ್ರೋತ್ ಫ್ಯಾಕ್ಟರ್ ಹೆಚ್ಚಾದರೆ ಕ್ಯಾನ್ಸರ್, ತಡೆದರೆ ವಾಸಿ’ ಎಂದು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಔಷಧಗಳು ಕೆಲವರಲ್ಲಿ ಫಲಿಸಿ ಕೆಲವರಲ್ಲಿ ಏಕೆ ಸೋಲುತ್ತವೆ, ಸ್ತನದ ಗಡ್ಡೆಗೆ ಕೊಟ್ಟ ಔಷಧ ಹೃದಯವನ್ನು ಏಕೆ ದಣಿಸುತ್ತದೆ ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಕೋಹೆನ್ ನರಗಳ ಹಿಂದೆ ಬಿದ್ದದ್ದು ರೀಟಾ ಲೆವಿ-ಮೊಂಟಾಲ್ಚೀನಿ ಅವರಿಂದಾಗಿ. ಇಟಲಿಯ ಟ್ಯೂರಿನ್‌ನಲ್ಲಿ 1909ರಲ್ಲಿ ಹುಟ್ಟಿದ ಈ ಯಹೂದಿ ವೈದ್ಯೆಗೆ, 1938ರಲ್ಲಿ ಮುಸೊಲಿನಿ ಸರ್ಕಾರ ತಂದ ಜನಾಂಗೀಯ ಕಾನೂನುಗಳಿಂದಾಗಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅವರು ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಗಳನ್ನು ಮಸೆದು ಶಸ್ತ್ರಗಳನ್ನಾಗಿ ಮಾಡಿಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣಗಳ ಮೇಲೆ ಕೆಲಸ ಮಾಡಿದರು. ಬಾಂಬ್ ದಾಳಿ ಶುರುವಾದಾಗ ಹಳ್ಳಿಗೆ ಹೋಗಿ ಅಲ್ಲೂ ಬಿಡಲಿಲ್ಲ. ಭ್ರೂಣದ ಎಳೆಯ ಕಾಲನ್ನು ಕತ್ತರಿಸಿದರೆ ಆ ಕಾಲಿಗೆ ಹೋಗಬೇಕಾದ ನರಕೋಶಗಳು ಏನಾಗುತ್ತವೆ ಎಂಬುದು ಅವರ ಪ್ರಶ್ನೆ. ನರಕೋಶಗಳು ಹುಟ್ಟುವುದೇ ಇಲ್ಲ ಎಂಬುದು ಜರ್ಮನಿಯಿಂದ ಅಮೆರಿಕಕ್ಕೆ ಬಂದಿದ್ದ ಭ್ರೂಣವಿಜ್ಞಾನಿ ವಿಕ್ಟರ್ ಹಾಂಬರ್ಗರ್ ಅವರ ತಿಳಿವಳಿಕೆಯಾಗಿತ್ತು. ಅವು ಹುಟ್ಟುತ್ತವೆ, ಕಾಲಿನ ಕಡೆಗೆ ಹೊರಡುತ್ತವೆ, ಆಮೇಲೆ ಸಾಯುತ್ತವೆ ಎಂದು ರೀಟಾ ಕಂಡರು. ಅಂದರೆ ನರಕೋಶ ಬದುಕಿ ಉಳಿಯಲು ಕಾಲಿನಿಂದ ಏನೋ ಬರಬೇಕು. ಹಾಂಬರ್ಗರ್ ಯುದ್ಧ ಮುಗಿದ ಮೇಲೆ ಅವರನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ತಮ್ಮ ವಿವರಣೆಯನ್ನು ಪ್ರಶ್ನಿಸಿದವರನ್ನೇ ಕರೆದು ಜೊತೆಗೆ ಕೂರಿಸಿಕೊಂಡ ಆ ಹಿರಿತನವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಬರಬೇಕಾದ ಆ ‘ಏನೋ’ ಸಿಕ್ಕಿದ್ದು ಕ್ಯಾನ್ಸರ್ ಗಡ್ಡೆಯಲ್ಲಿ. ಎಲ್ಮರ್ ಬ್ಯೂಕರ್ ಎಂಬವರು 1948ರಲ್ಲಿ ಇಲಿಯ ಸಾರ್ಕೋಮಾ ಗಡ್ಡೆಯ ತುಣುಕನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿ, ನರತಂತುಗಳು ಗಡ್ಡೆಯೊಳಕ್ಕೆ ನುಗ್ಗಿದ್ದನ್ನು ವರದಿ ಮಾಡಿದ್ದರು. ರೀಟಾ ಅದನ್ನು ಮತ್ತೆ ಮಾಡಿ ನೋಡಿದರು. ಬಳಿಕ ಗಡ್ಡೆಯನ್ನು ಭ್ರೂಣದ ಮೈಗೆ ತಾಗಿಸದೆ, ಮೊಟ್ಟೆಯೊಳಗಿನ ಪೊರೆಯ ಮೇಲೆ, ರಕ್ತದ ಸಂಪರ್ಕ ಮಾತ್ರ ಇರುವಂತೆ ಇಟ್ಟರು. ಆಗಲೂ ನರಗಳು ಮಿತಿಮೀರಿ ಬೆಳೆದವು. ಗಡ್ಡೆಯಿಂದ ಯಾವುದೋ ಕರಗುವ ವಸ್ತು ಹೊರಬರುತ್ತಿದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. 1952ರಲ್ಲಿ ಅವರು ಗಡ್ಡೆಯಿದ್ದ ಇಲಿಗಳನ್ನು ಬಳಿಯಲ್ಲಿಟ್ಟುಕೊಂಡೇ ವಿಮಾನದಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೊಗೆ ಹೋದರು. ಅಲ್ಲಿ ಗೆಳತಿ ಹೆರ್ಥಾ ಮೇಯರ್ ಕೋಶಗಳನ್ನು ಗಾಜಿನ ಮೇಲೆ ಬೆಳೆಸುತ್ತಿದ್ದರು. ನರಗಂಟಿನ ಪಕ್ಕದಲ್ಲಿ ಗಡ್ಡೆಯ ಚೂರಿಟ್ಟರೆ ಒಂದೇ ದಿನದಲ್ಲಿ ನರಗಂಟಿನ ಸುತ್ತ ಪ್ರಭಾವಳಿಯಂತೆ ತಂತುಗಳು ಹೊಮ್ಮುತ್ತಿದ್ದವು.

ಗಡ್ಡೆಯಿಂದ ಬರುವ ಆ ವಸ್ತುವನ್ನು ಶುದ್ಧೀಕರಿಸಲು 1953ರಲ್ಲಿ ಬಂದವರೇ ಕೋಹೆನ್. ಗಡ್ಡೆಯ ರಸದಲ್ಲಿರುವುದು ಪ್ರೋಟೀನೋ ನ್ಯೂಕ್ಲಿಯಿಕ್ ಆಮ್ಲವೋ ತಿಳಿಯಲು, ನ್ಯೂಕ್ಲಿಯಿಕ್ ಆಮ್ಲವನ್ನು ಕತ್ತರಿಸುವ ಕಿಣ್ವವಿರುವ ಹಾವಿನ ವಿಷವನ್ನು ಬೆರೆಸಿದರು. ನರಗಳು ಕಡಿಮೆಯಾಗುವ ಬದಲು ಇನ್ನೂ ಹೆಚ್ಚಿದವು. ವಿಷವನ್ನು ಮಾತ್ರ ಹಾಕಿದರೂ ಹಾಗೆಯೇ ಆಯಿತು. ಹಾವಿನ ವಿಷಗ್ರಂಥಿ ಇಲಿಯಲ್ಲಿ ಯಾವುದಕ್ಕೆ ಸಮ? ಜೊಲ್ಲುಗ್ರಂಥಿಗೆ. ಹೀಗೆ ಇಲಿಯ ಜೊಲ್ಲುಗ್ರಂಥಿ ಪ್ರಯೋಗಾಲಯಕ್ಕೆ ಬಂತು, ಅದರಿಂದ ನರ ಬೆಳೆಸುವ ಆ ವಸ್ತು, ಅಂದರೆ ನರ್ವ್ ಗ್ರೋತ್ ಫ್ಯಾಕ್ಟರ್, ಹೇರಳವಾಗಿ ಸಿಕ್ಕಿತು, ಜೊತೆಗೆ ಇಜಿಎಫ್ ಕೂಡ. ರೀಟಾ, ಕೋಹೆನ್ ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ಭ್ರೂಣದ ಬೆಳವಣಿಗೆಯ ಪ್ರಶ್ನೆಗೆ ಉತ್ತರ ಗಡ್ಡೆಯೊಂದರಲ್ಲಿ ಸಿಕ್ಕಿದ್ದನ್ನು ನೆನಪಿನಲ್ಲಿಡಿ. ಈ ಎರಡು ಅಧ್ಯಯನಗಳು ಹುಟ್ಟಿನಿಂದಲೇ ಕೂಡಿಕೊಂಡಿವೆ.

ಇನ್ನು ಕೋಶದೊಳಗೆ ಏನಾಗುತ್ತದೆ ನೋಡೋಣ. ಇಜಿಎಫ್ ಕೋಶದೊಳಕ್ಕೆ ಹೋಗಿ ಜೀನ್‌ಗಳನ್ನು ಮುಟ್ಟುವುದಿಲ್ಲ. ಅದರ ಗ್ರಾಹಿ ಕೋಶದ ಪೊರೆಯನ್ನು ಒಮ್ಮೆ ಮಾತ್ರ ದಾಟುವ ಉದ್ದನೆಯ ಪ್ರೋಟೀನ್. ಅರ್ಧ ಹೊರಗೆ, ಅರ್ಧ ಒಳಗೆ. ಹೊರಭಾಗದಲ್ಲಿ ಇಜಿಎಫ್ ಬಂದು ಕೂತಾಗ ಎರಡು ಗ್ರಾಹಿಗಳು ಜೋಡಿಯಾಗುತ್ತವೆ. ಆಗ ಒಳಗಿರುವ ಬಾಲಗಳು ಒಂದರ ಮೇಲೊಂದು ಫಾಸ್ಫೇಟ್ ಅಂಟಿಸುತ್ತವೆ, ಅದೂ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ. ಟೈರೋಸಿನ್ ಮೇಲೆ ಫಾಸ್ಫೇಟ್ ಅಂಟುತ್ತದೆ ಎಂಬುದೇ 1979ರವರೆಗೆ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅಮೈನೋ ಆಮ್ಲಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಲು ಹಳೆಯ ದ್ರಾವಣವೊಂದನ್ನು ಬಳಸಿದ್ದರು. ಇಟ್ಟು ಇಟ್ಟು ಅದರ ಆಮ್ಲೀಯತೆ ಬದಲಾಗಿತ್ತು. ಹೊಸ ದ್ರಾವಣದಲ್ಲಿ ಥ್ರಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಜೊತೆ ಬೆರೆತು ಕಾಣದೆ ಹೋಗುತ್ತಿದ್ದ ಟೈರೋಸಿನ್ ಚುಕ್ಕೆ ಅಂದು ಬೇರೆಯಾಗಿ ಕಂಡಿತು. ಸಾಮಾನ್ಯ ಕೋಶದಲ್ಲಿ ಫಾಸ್ಫೇಟ್ ಅಂಟಿದ ಅಮೈನೋ ಆಮ್ಲಗಳ ಪೈಕಿ ಟೈರೋಸಿನ್ ಪಾಲು ಸಾವಿರಕ್ಕೆ ಒಂದೂ ಇಲ್ಲ. ಅಷ್ಟು ವಿರಳವಾದದ್ದಕ್ಕೇ ಕೋಶ ಇಷ್ಟು ದೊಡ್ಡ ನಿರ್ಧಾರಗಳನ್ನು ಒಪ್ಪಿಸಿದೆ.

ಬಾಲದ ಮೇಲಿನ ಫಾಸ್ಫೇಟ್ ಗುರುತು ಹಿಡಿದು ಇತರ ಪ್ರೋಟೀನ್‌ಗಳು ಬಂದು ಸೇರುತ್ತವೆ. ಅವು ರಾಸ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ, ರಾಸ್ ರಾಫ್ ಅನ್ನು, ರಾಫ್ ಮೆಕ್ ಅನ್ನು, ಮೆಕ್ ಅರ್ಕ್ ಅನ್ನು. ಅರ್ಕ್ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಹೆಸರುಗಳು ನೆನಪಿನಲ್ಲಿ ಉಳಿಯದಿದ್ದರೆ ಚಿಂತೆಯಿಲ್ಲ. ರಾಸ್ ಮತ್ತು ಅರ್ಕ್ ಎರಡು ಸಾಕು.

ಈ ಸರಣಿಯ ಕೊಂಡಿಗಳು ಯಾವ ಕ್ರಮದಲ್ಲಿವೆ ಎಂಬುದನ್ನು ಕಲಿಸಿದವುಗಳಲ್ಲಿ ಒಂದು ಸೀ ಎಲಿಗನ್ಸ್ ಎಂಬ ಹುಳು. ಒಂದು ಮಿಲಿಮೀಟರ್ ಉದ್ದ, ಪಾರದರ್ಶಕ ಮೈ, ಬೆಳೆದ ಹುಳುವಿನ ದೇಹದಲ್ಲಿ 959 ಕೋಶಗಳು. ಅದರ ಹೊಟ್ಟೆಯ ಅಡಿಯಲ್ಲಿ ಆರು ಕೋಶಗಳು ಸಾಲಾಗಿ ನಿಂತಿರುತ್ತವೆ. ಆರರಲ್ಲಿ ಯಾವುದು ಬೇಕಾದರೂ ಮೊಟ್ಟೆಯಿಡುವ ದ್ವಾರದ ಭಾಗವಾಗಬಲ್ಲದು. ಅವುಗಳ ಮೇಲೆ ಕೂತಿರುವ ಆಂಕರ್ ಕೋಶವೊಂದು ಇಜಿಎಫ್ ಕುಟುಂಬದ್ದೇ ಆದ ಪ್ರೋಟೀನನ್ನು ಬಿಡುತ್ತದೆ. ಅತಿ ಹತ್ತಿರದ ಕೋಶಕ್ಕೆ ಹೆಚ್ಚು ಸಿಗುತ್ತದೆ, ಅದು ದ್ವಾರದ ನಡುಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಚುಗಳಾಗುತ್ತವೆ. ಉಳಿದ ಮೂರು ಬರೀ ಚರ್ಮದ ಪಾಲಾಗುತ್ತವೆ. ಲೇಸರ್‌ನಿಂದ ಆಂಕರ್ ಕೋಶವನ್ನು ಸುಟ್ಟರೆ ದ್ವಾರವೇ ಆಗುವುದಿಲ್ಲ. ಮೊಟ್ಟೆಗಳು ಒಳಗೇ ಒಡೆದು ಮರಿಗಳು ತಾಯಿಯ ಮೈಯನ್ನೇ ತಿನ್ನುತ್ತವೆ. ಇನ್ನು ಕೆಲವು ಹುಳುಗಳಲ್ಲಿ ಇದಕ್ಕೆ ವಿರುದ್ಧ: ಸಂಕೇತ ಬರದಿದ್ದರೂ ಬಂದಂತೆ ಕೋಶಗಳು ನಡೆದುಕೊಂಡು ಒಂದೇ ಹುಳುವಿಗೆ ನಾಲ್ಕಾರು ದ್ವಾರದ ಉಬ್ಬುಗಳು ಏಳುತ್ತವೆ. ಅಂಥ ಹುಳುಗಳಲ್ಲಿ ಬದಲಾಗಿರುವ ಜೀನ್ ಯಾವುದೆಂದು 1990ರಲ್ಲಿ ನೋಡಿದಾಗ, ಅದು ಹುಳುವಿನ ರಾಸ್ ಆಗಿತ್ತು. ಬದಲಾವಣೆ ಆಗಿದ್ದದ್ದು 13ನೆಯ ಅಮೈನೋ ಆಮ್ಲದಲ್ಲಿ. ಮನುಷ್ಯರ ಗಡ್ಡೆಗಳಲ್ಲಿ ರಾಸ್ ಹೆಚ್ಚಾಗಿ ಕೆಡುವುದು 12 ಅಥವಾ 13ನೆಯ ಜಾಗದಲ್ಲೇ. ಹುಳುವಿಗೆ ಕ್ಯಾನ್ಸರ್ ಬಂದಿರಲಿಲ್ಲ. ಅದೇ ದೋಷ ಅಲ್ಲಿ ಹೆಚ್ಚುವರಿ ಅಂಗವಾಗಿ ಕಾಣಿಸಿಕೊಂಡಿತು. ಕೋಶ ಬೇರೆ, ಆದ್ದರಿಂದ ಅರ್ಥವೂ ಬೇರೆ.

ಕೋಶ ಒಂದೇ ಆಗಿದ್ದರೂ ಸಂಕೇತದ ಅವಧಿ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಅತಿ ಪ್ರಿಯವಾದ ಪ್ರಯೋಗವೊಂದಿದೆ. ಇಲಿಜಾತಿಯ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದ 1976ರಲ್ಲಿ ಪಡೆದ ಪಿಸಿ12 ಎಂಬ ಕೋಶಗಳಿವೆ. ಅವಕ್ಕೆ ಇಜಿಎಫ್ ಕೊಟ್ಟರೆ ವಿಭಜಿಸುತ್ತವೆ. ನರ್ವ್ ಗ್ರೋತ್ ಫ್ಯಾಕ್ಟರ್ ಕೊಟ್ಟರೆ ವಿಭಜನೆ ನಿಲ್ಲಿಸಿ, ತಂತು ಚಾಚಿ, ನರಕೋಶದಂತಾಗುತ್ತವೆ. ಒಂದು ಹೆಚ್ಚಿಸುತ್ತದೆ, ಇನ್ನೊಂದು ಪಕ್ವಗೊಳಿಸಿ ನಿಲ್ಲಿಸುತ್ತದೆ. ಆದರೆ ಒಳಗೆ ಇಣುಕಿದರೆ ಎರಡೂ ಎಬ್ಬಿಸುವುದು ಅದೇ ರಾಸ್, ಅದೇ ಅರ್ಕ್. ವ್ಯತ್ಯಾಸವಿರುವುದು ಕಾಲದಲ್ಲಿ. ಇಜಿಎಫ್ ಕೊಟ್ಟಾಗ ಅರ್ಕ್ ಕೆಲವು ನಿಮಿಷ ಎದ್ದು ಮಲಗುತ್ತದೆ. ನರ್ವ್ ಗ್ರೋತ್ ಫ್ಯಾಕ್ಟರ್ ಕೊಟ್ಟಾಗ ಗಂಟೆಗಟ್ಟಲೆ ಎದ್ದೇ ಇರುತ್ತದೆ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ಚಾಲಕ ನಿಲ್ಲಿಸುತ್ತಾನೆ, ಎರಡು ಊದಿದರೆ ಹೊರಡುತ್ತಾನೆ. ಸೀಟಿ ಒಂದೇ, ಊದುವ ಲಯದಲ್ಲಿ ಅರ್ಥವಿದೆ. ಇದನ್ನು ಪರೀಕ್ಷಿಸಿದ ರೀತಿಯೂ ಸೊಗಸಾಗಿದೆ. ಪಿಸಿ12 ಕೋಶಗಳ ಮೇಲೆ ಇಜಿಎಫ್ ಗ್ರಾಹಿಗಳ ಸಂಖ್ಯೆಯನ್ನು ಕೃತಕವಾಗಿ ಹೆಚ್ಚಿಸಿ, ಆಮೇಲೆ ಇಜಿಎಫ್ ಕೊಟ್ಟರು. ಅರ್ಕ್ ಬಹುಹೊತ್ತು ಎದ್ದಿತ್ತು. ಅದುವರೆಗೆ ವಿಭಜಿಸುತ್ತಿದ್ದ ಕೋಶಗಳು ಇಜಿಎಫ್‌ಗೇ ತಂತು ಚಾಚಿದವು.

ಹೀಗಿರುವುದರಿಂದ ಸಂಕೇತವನ್ನು ಆರಿಸುವ ಏರ್ಪಾಟು ಹೊತ್ತಿಸುವ ಏರ್ಪಾಟಿಗಿಂತ ಕಡಿಮೆಯದಲ್ಲ, ನನ್ನ ದೃಷ್ಟಿಯಲ್ಲಿ ಹೆಚ್ಚಿನದೇ. ಇಜಿಎಫ್ ಕೂತ ಗ್ರಾಹಿಯನ್ನು ಕೋಶ ಒಳಕ್ಕೆ ಎಳೆದುಕೊಂಡು ಜೀರ್ಣಿಸಿಬಿಡುತ್ತದೆ. ಕೋಹೆನ್ ಮತ್ತು ಗ್ರಹಾಂ ಕಾರ್ಪೆಂಟರ್ ಇದನ್ನು 1976ರಲ್ಲೇ ತೋರಿಸಿದರು. ರಾಸ್ ತನ್ನನ್ನು ಎಚ್ಚರಿಸಿದ ಜಿಟಿಪಿ ಅಣುವನ್ನು ತಾನೇ ಕತ್ತರಿಸಿ ಮಲಗುತ್ತದೆ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ಮೂರು ತಂಡಗಳು ಕಂಡುಕೊಂಡ ದೋಷ ಇರುವುದು ಇಲ್ಲಿಯೇ. ರಾಸ್ ಜೀನಿನ ಡಿಎನ್‌ಎ ಬರಹದಲ್ಲಿ ಜಿ ಎಂಬ ಅಕ್ಷರ ಇರಬೇಕಾದಲ್ಲಿ ಟಿ ಬಂದು, ಪ್ರೋಟೀನಿನ 12ನೆಯ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಆಗಿತ್ತು. ಒಂದೇ ಅಕ್ಷರ. ಅದರಿಂದ ರಾಸ್‌ಗೆ ಹೊಸ ಶಕ್ತಿಯೇನೂ ಬರಲಿಲ್ಲ, ಮಲಗುವ ಶಕ್ತಿ ಹೋಯಿತು. ಇಂದು ನಮಗೆ ಗೊತ್ತಿರುವಂತೆ ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಯಾವುದಾದರೊಂದು ರಾಸ್ ಕೆಟ್ಟಿರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಂತೂ ಬಹುಪಾಲು ಹಾಗೆಯೇ. ಈ ಪ್ರೋಟೀನಿಗೆ ನೇರವಾಗಿ ಅಂಟುವ ಔಷಧಕ್ಕೆ ಮೊದಲ ಅನುಮತಿ ದೊರೆತದ್ದು 2021ರಲ್ಲಿ. ಸುಮಾರು 40 ವರ್ಷ ಹಿಡಿಯಿತು.

ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ ಒಂದರಲ್ಲಿ ಇಜಿಎಫ್ ಗ್ರಾಹಿಯ ಹೊರಭಾಗ ಕತ್ತರಿಸಿಹೋದ ರೂಪವಿದೆ ಎಂದು 1984ರಲ್ಲಿ ಗೊತ್ತಾದದ್ದೂ ಇದೇ ಸಾಲಿಗೆ ಸೇರುತ್ತದೆ. ಹೊರಗಿನಿಂದ ಕೇಳುವ ಭಾಗವೇ ಇಲ್ಲದ್ದರಿಂದ ಅದು ಸದಾ ಹೊತ್ತಿಯೇ ಇರುತ್ತದೆ.

ಈಗ ಸ್ತನ ಕ್ಯಾನ್ಸರ್‌ಗೆ ಬರುತ್ತೇನೆ. ಇಜಿಎಫ್ ಗ್ರಾಹಿಗೆ ಮೂವರು ಸಹೋದರಿಯರಿದ್ದಾರೆ. ಅವರಲ್ಲಿ ಹರ್-2 ಎಂಬುದು ವಿಚಿತ್ರ. ಅದಕ್ಕೆಂದೇ ಬರುವ ಯಾವ ಗ್ರೋತ್ ಫ್ಯಾಕ್ಟರ್ ಕೂಡ ಇದುವರೆಗೆ ಸಿಕ್ಕಿಲ್ಲ. ಅದರ ಹೊರಭಾಗ ಯಾವಾಗಲೂ ಚಾಚಿಕೊಂಡೇ ಇದ್ದು, ಸಂಕೇತ ಪಡೆದ ಇತರ ಗ್ರಾಹಿಗಳೊಡನೆ ಜೋಡಿಯಾಗಿ ಅವುಗಳ ದನಿಯನ್ನು ಹೆಚ್ಚಿಸುತ್ತದೆ. ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ಸ್ತನದ ಗಡ್ಡೆಗಳನ್ನು ಪರೀಕ್ಷಿಸಿ, ಸುಮಾರು 30 ಪ್ರತಿಶತ ಗಡ್ಡೆಗಳಲ್ಲಿ ಹರ್-2 ಜೀನಿನ ಪ್ರತಿಗಳು ಎರಡರಿಂದ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಏರಿವೆ, ಆ ಮಹಿಳೆಯರಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿದರು. ಇಲ್ಲಿ ಜೀನಿನ ಅಕ್ಷರ ತಪ್ಪಾಗಿಲ್ಲ, ಪ್ರತಿಗಳು ಹೆಚ್ಚಾಗಿವೆ ಅಷ್ಟೇ. ಗ್ರಾಹಿಗಳು ಕೋಶದ ಮೇಲೆ ಎಷ್ಟು ದಟ್ಟವಾಗುತ್ತವೆಂದರೆ ಕರೆಯುವವರಿಲ್ಲದೆಯೇ ಪರಸ್ಪರ ಜೋಡಿಯಾಗತೊಡಗುತ್ತವೆ. ಹರ್-2ಗೆ ಅಂಟುವ ಪ್ರತಿಕಾಯ ಟ್ರಾಸ್ಟುಜುಮಾಬ್ 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅತಿ ಕೆಟ್ಟದ್ದೆಂದು ಹೆಸರಾಗಿದ್ದ ಈ ಬಗೆಯ ಸ್ತನ ಕ್ಯಾನ್ಸರ್‌ನ ಹಣೆಬರಹವನ್ನೇ ಆ ಔಷಧ ಬದಲಿಸಿತು.

ಆದರೆ ಪ್ರಯೋಗದ ಹೊತ್ತಿನಲ್ಲಿ ಯಾರೂ ನಿರೀಕ್ಷಿಸದ ತೊಂದರೆಯೊಂದು ಕಂಡಿತು. ಆಂತ್ರಾಸೈಕ್ಲಿನ್ ಗುಂಪಿನ ಕೀಮೋ ಔಷಧವನ್ನೂ ಟ್ರಾಸ್ಟುಜುಮಾಬನ್ನೂ ಒಟ್ಟಿಗೆ ಪಡೆದವರಲ್ಲಿ 27 ಪ್ರತಿಶತ ಮಹಿಳೆಯರ ಹೃದಯದ ಕೆಲಸ ಕುಗ್ಗಿತು. ಕೀಮೋ ಮಾತ್ರ ಪಡೆದವರಲ್ಲಿ ಅದು 8 ಪ್ರತಿಶತ. ಸ್ತನದ ಗಡ್ಡೆಗೂ ಹೃದಯಕ್ಕೂ ಏನು ನಂಟು?

ಉತ್ತರ ಭ್ರೂಣದಲ್ಲಿ ಆಗಲೇ ಇತ್ತು. 1995ರಲ್ಲಿ ಹರ್-2 ಜೀನನ್ನು ತೆಗೆದುಹಾಕಿದ ಇಲಿಗಳ ಬಗ್ಗೆ ವರದಿ ಬಂದಿತ್ತು. ಆ ಭ್ರೂಣಗಳು ಗರ್ಭದ ಹತ್ತು ಹನ್ನೊಂದನೆಯ ದಿನಕ್ಕೆ ಸತ್ತುಹೋಗುತ್ತವೆ. ಅವುಗಳ ಹೃದಯದ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರಣ ಕಾಣುತ್ತದೆ. ಸರಿಯಾದ ಹೃದಯದಲ್ಲಿ ಕುಹರದ ಒಳಗೋಡೆಯಿಂದ ಸ್ನಾಯುವಿನ ಸಣ್ಣ ಸಣ್ಣ ಎಳೆಗಳು ಬೆರಳುಗಳಂತೆ ಒಳಕ್ಕೆ ಎದ್ದು ನಿಂತಿರುತ್ತವೆ; ರಕ್ತವನ್ನು ತಳ್ಳಲು ಎಳೆಯ ಹೃದಯಕ್ಕೆ ಅವು ಬೇಕೇಬೇಕು. ಹರ್-2 ಇಲ್ಲದ ಭ್ರೂಣದಲ್ಲಿ ಗೋಡೆ ತೆಳ್ಳಗೆ, ನುಣ್ಣಗೆ ಇರುತ್ತದೆ. ಹೃದಯದ ಒಳಪದರದ ಕೋಶಗಳು ನ್ಯೂರೆಗುಲಿನ್ ಎಂಬ ಗ್ರೋತ್ ಫ್ಯಾಕ್ಟರ್ ಬಿಡುತ್ತವೆ, ಹರ್-4 ಮತ್ತು ಹರ್-2 ಜೋಡಿಯ ಮೂಲಕ ಸ್ನಾಯುಕೋಶಗಳು ಅದನ್ನು ಪಡೆದು ಒಳಕ್ಕೆ ಬೆಳೆಯುತ್ತವೆ. ಇಲಿಯ ಹೃದಯದ ಕುಹರಗಳಲ್ಲಿ ಮಾತ್ರ ಹರ್-2 ಇಲ್ಲದಂತೆ ಮಾಡಿದಾಗ, ಬೆಳೆದ ಇಲಿಯ ಹೃದಯ ಹಿಗ್ಗಿ ಸೊರಗಿತು ಎಂದು 2002ರಲ್ಲಿ ಗೊತ್ತಾಯಿತು. ಅಂದರೆ ಹೃದಯವನ್ನು ಕಟ್ಟಲು ಬಳಸಿದ ಸಂಕೇತವನ್ನು ದೇಹ ಆಮೇಲೆ ಬಿಟ್ಟುಬಿಡಲಿಲ್ಲ. ವಿಭಜಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿರುವ ಹೃದಯಕೋಶಕ್ಕೆ ಅದೇ ಸಂಕೇತ ಈಗ ‘ತಾಳಿಕೋ, ಬದುಕು’ ಎಂಬ ಅರ್ಥ ಕೊಡುತ್ತಿದೆ. ಸ್ತನದ ಕೋಶದಲ್ಲಿ ‘ವಿಭಜಿಸು’, ಹೃದಯದ ಕೋಶದಲ್ಲಿ ‘ಬದುಕು’. ಪ್ರತಿಕಾಯಕ್ಕೆ ಈ ಭೇದ ತಿಳಿಯುವುದಿಲ್ಲ. ಕೀಮೋದಿಂದ ಪೆಟ್ಟು ತಿಂದ ಹೃದಯಕ್ಕೆ ಆಸರೆ ಬೇಕಾದ ಹೊತ್ತಿನಲ್ಲೇ ಅದು ಆಸರೆಯನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದಲೇ ಈಗ ಆ ಎರಡನ್ನೂ ಒಟ್ಟಿಗೆ ಕೊಡುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಚಿಕಿತ್ಸೆ ನಡೆಯುವಾಗ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಬಹಳಷ್ಟು ಜನರಲ್ಲಿ ಔಷಧ ನಿಲ್ಲಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ನಡೆಯುತ್ತಿದ್ದರೆ ಆ ಎಕೋವನ್ನು ‘ಸುಮ್ಮನೆ ಇನ್ನೊಂದು ಪರೀಕ್ಷೆ’ ಎಂದು ಬಿಡಬೇಡಿ.

ಔಷಧದ ಬೆಲೆಯ ಮಾತನ್ನೂ ಆಡಲೇಬೇಕು. ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡಬೇಕಾದ ಈ ಪ್ರತಿಕಾಯ ನಮ್ಮಲ್ಲಿ ಬಹುಜನರ ಕೈಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಭಾರತದಲ್ಲಿ ಇದರ ಬಯೋಸಿಮಿಲರ್ ರೂಪವನ್ನು, ಅಂದರೆ ಮೂಲ ಔಷಧವನ್ನು ಬಹಳಮಟ್ಟಿಗೆ ಹೋಲುವ ಪ್ರತಿರೂಪವನ್ನು, ಹೊರತಂದಿತು. ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ಕೂಡ ಬಯೋಕಾನ್ ಮತ್ತು ಮೈಲಾನ್ ಜೊತೆಯಾಗಿ ರೂಪಿಸಿದ್ದೇ, 2017ರ ಡಿಸೆಂಬರ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಟ್ರಾಸ್ಟುಜುಮಾಬನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಗತ್ಯವೆಂದು ಒಪ್ಪಿದ ಔಷಧ ಊರಿನ ಬಡ ಹೆಣ್ಣುಮಗಳಿಗೂ ಸಿಗುವ ತನಕ ಈ ವಿಜ್ಞಾನದ ಕೆಲಸ ಅರ್ಧವೇ ಮುಗಿದಿದೆ ಎಂದು ನಾನು ನಂಬುತ್ತೇನೆ.

ಇಜಿಎಫ್ ಗ್ರಾಹಿಯನ್ನೇ ತಡೆಯುವ ಔಷಧಗಳೂ ಇವೆ. ಬಾಯಿ ಮತ್ತು ಗಂಟಲಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಈ ಗ್ರಾಹಿ ಹೆಚ್ಚಾಗಿರುತ್ತದೆ. ಕ್ಯೂಬಾದ ವಿಜ್ಞಾನಿಗಳು ರೂಪಿಸಿದ ನಿಮೊಟುಜುಮಾಬ್ ಎಂಬ ಪ್ರತಿಕಾಯವನ್ನು ತಲೆ-ಕುತ್ತಿಗೆಯ ಕ್ಯಾನ್ಸರ್‌ಗಾಗಿ 2006ರಲ್ಲಿ ಭಾರತಕ್ಕೆ ತಂದದ್ದೂ ಬಯೋಕಾನ್. ಆದರೆ ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ಪ್ರತಿಕಾಯಕ್ಕಿಂತ ಮೊದಲು ಹೇಳಬೇಕಾದದ್ದು ಹೊಗೆಸೊಪ್ಪು, ಗುಟ್ಕಾ ಬಿಡಿ ಎಂಬುದು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆದು ಬದುಕುವ ನಾಡಿನಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಹೇಳದೆ ಇರುವುದು ಸರಿಯಲ್ಲ.

ಇಜಿಎಫ್ ಗ್ರಾಹಿಯನ್ನು ತಡೆಯುವ ಹಲವು ಔಷಧಗಳನ್ನು ಪಡೆದವರ ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಕೆಲವರ ರೆಪ್ಪೆಗೂದಲು ಉದ್ದವಾಗಿ, ಸುರುಳಿಯಾಗಿ ಬೆಳೆಯುತ್ತದೆ. ಕೆಲವೊಮ್ಮೆ ಕಣ್ಣಿಗೆ ಚುಚ್ಚುವಷ್ಟು. ಹುಟ್ಟುವಾಗಲೇ ಕಣ್ಣು ತೆರೆದಿದ್ದ ಆ ಇಲಿಗಳ ಅಲೆಗೂದಲಿಗೂ ಇದಕ್ಕೂ ಮೂಲ ಒಂದೇ. ನಮ್ಮ ಚರ್ಮ ಮತ್ತು ಕೂದಲಿನ ಬುಡ ಪ್ರತಿದಿನವೂ ಈ ಸಂಕೇತವನ್ನು ಬಳಸುತ್ತಿವೆ.

ಕೊನೆಗೆ ಒಂದು ಸೋಲಿನ ಕತೆ ಹೇಳುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಹೆಚ್ಚು ಕಲಿಸಿದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಸುಮಾರು ಅರ್ಧದಷ್ಟರಲ್ಲಿ, ಸರಣಿಯಲ್ಲಿ ರಾಸ್ ಆದಮೇಲೆ ಬರುವ ರಾಫ್‌ನ ಒಂದು ಬಗೆಯಾದ ಬಿ-ರಾಫ್‌ನ ಜೀನ್ ಕೆಟ್ಟಿರುತ್ತದೆ. ಅದನ್ನು ತಡೆಯುವ ವೆಮುರಾಫೆನಿಬ್ 2011ರಲ್ಲಿ ಬಂದು ಸುಮಾರು ಅರ್ಧದಷ್ಟು ಅಂಥ ರೋಗಿಗಳಲ್ಲಿ ಗಡ್ಡೆಗಳನ್ನು ಕುಗ್ಗಿಸಿತು. ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿಯೂ ಬಿ-ರಾಫ್ ಅದೇ ಜಾಗದಲ್ಲಿ, ಅದೇ ರೀತಿ ಕೆಟ್ಟಿರುತ್ತದೆ. ಅಲ್ಲಿ ಅದೇ ಔಷಧ ಹೆಚ್ಚುಕಡಿಮೆ ಏನೂ ಮಾಡಲಿಲ್ಲ. ಕಾರಣವನ್ನು ನೆದರ್ಲೆಂಡ್ಸ್‌ನ ರೆನೆ ಬರ್ನಾರ್ಡ್ಸ್ ಅವರ ತಂಡ 2012ರಲ್ಲಿ ಕಂಡುಹಿಡಿಯಿತು. ಅರ್ಕ್ ಎದ್ದಾಗ ಅದು ಮೇಲಿರುವ ಇಜಿಎಫ್ ಗ್ರಾಹಿಗೆ ಕಡಿವಾಣವನ್ನೂ ಹಾಕುತ್ತದೆ. ರಾಫ್ ತಡೆದರೆ ಅರ್ಕ್ ಮಲಗುತ್ತದೆ, ಕಡಿವಾಣ ಸಡಿಲವಾಗುತ್ತದೆ, ಇಜಿಎಫ್ ಗ್ರಾಹಿ ಎದ್ದು ಬೇರೆ ದಾರಿಯಿಂದ ಸಂಕೇತವನ್ನು ಮತ್ತೆ ಹರಿಸುತ್ತದೆ. ಕರುಳಿನ ಒಳಪದರದಿಂದ ಬಂದ ಕೋಶದಲ್ಲಿ ಇಜಿಎಫ್ ಗ್ರಾಹಿ ಹೇರಳ. ಮೆಲನೋಮಾದ ಮೂಲಕೋಶ ಭ್ರೂಣದ ನರಪಟ್ಟಿಯ ಅಂಚಿನಿಂದ ವಲಸೆ ಬಂದದ್ದು, ಅದರಲ್ಲಿ ಈ ಗ್ರಾಹಿ ಬಹಳ ಕಡಿಮೆ. ಜೀನಿನ ದೋಷ ಒಂದೇ ಆದರೂ ಭ್ರೂಣದಲ್ಲಿ ಕೋಶ ಎಲ್ಲಿಂದ ಹೊರಟಿತ್ತು ಎಂಬುದು ದಶಕಗಳ ನಂತರ ಔಷಧದ ಗೆಲುವು-ಸೋಲನ್ನು ನಿರ್ಧರಿಸಿತು. ಈಗ ಕರುಳಿನ ಅಂಥ ಕ್ಯಾನ್ಸರ್‌ಗೆ ರಾಫ್ ತಡೆಯುವ ಔಷಧವನ್ನೂ ಇಜಿಎಫ್ ಗ್ರಾಹಿ ತಡೆಯುವ ಪ್ರತಿಕಾಯವನ್ನೂ ಜೊತೆಯಾಗಿ ಕೊಡುತ್ತಾರೆ. ಈ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಸಭಿಕರ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿಯೊಬ್ಬರು, ‘ಹಾಗಾದರೆ ಕ್ಯಾನ್ಸರ್ ಎಂದರೆ ಕೋಶ ಮತ್ತೆ ಭ್ರೂಣವಾಗುವುದೇ?’ ಎಂದು ಕೇಳಿದರು. ಇಲ್ಲ. ಭ್ರೂಣದಲ್ಲಿ ವಿಭಜನೆ ಎಷ್ಟೇ ವೇಗವಾಗಿದ್ದರೂ ಅದು ನೆರೆಹೊರೆಯ ಹಿಡಿತದಲ್ಲಿರುತ್ತದೆ. ಹುಳುವಿನ ಆರು ಕೋಶಗಳಲ್ಲಿ ಮೂರು ಮಾತ್ರ ಮುಂದುವರಿದದ್ದನ್ನು ನೋಡಿದಿರಿ. ಗಡ್ಡೆ ಭ್ರೂಣದ ಸಲಕರಣೆಗಳನ್ನು ಬಳಸುತ್ತದೆ, ಆ ಹಿಡಿತವನ್ನು ಬಿಟ್ಟು.

ಹಿರಿಯರೊಬ್ಬರು, ‘ಗ್ರೋತ್ ಫ್ಯಾಕ್ಟರ್ ಇದೆ ಎಂದು ಪುಡಿ, ಕ್ರೀಮು ಮಾರುತ್ತಾರಲ್ಲ, ಅದರಿಂದ ಲಾಭವೋ ಅಪಾಯವೋ?’ ಎಂದರು. ಪ್ರೋಟೀನನ್ನು ನುಂಗಿದರೆ ಬಹುಪಾಲು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಪುಡಿಯಿಂದ ದೊಡ್ಡ ಲಾಭವನ್ನು ನಿರೀಕ್ಷಿಸಬೇಡಿ. ಗಾಯದ ಮಾತು ಬೇರೆ. ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚುವ ಇಜಿಎಫ್ ಜೆಲ್ ಭಾರತದಲ್ಲಿಯೇ ತಯಾರಾಗುತ್ತದೆ, ಅದನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಕ್ಯಾನ್ಸರ್ ಇರುವ ಜಾಗಕ್ಕೆ ಅಂಥದ್ದನ್ನು ಹಚ್ಚಬಾರದು.

ಮೂರನೆಯವರು ಒಬ್ಬ ತಾಯಿ. ಮಗಳ ಬಯಾಪ್ಸಿ ವರದಿಯಲ್ಲಿ ಹರ್-2 ಮುಂದೆ ‘1+’ ಎಂದಿದೆ, ‘ನೆಗೆಟಿವ್’ ಎಂದು ಹೇಳಿದ್ದಾರೆ, ಹಾಗಾದರೆ ಆ 1 ಏನು ಎಂದು ಕೇಳಿದರು. ಗಡ್ಡೆಯ ತೆಳುಪದರಕ್ಕೆ ಹರ್-2 ಹಿಡಿಯುವ ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತಾರೆ. ಕೋಶಗಳ ಅಂಚು ಸುತ್ತಲೂ ಗಾಢ ಕಂದು ಬಂದರೆ 3+, ಅದು ಪಾಸಿಟಿವ್. ಅರೆಬರೆ ಬಂದರೆ 2+, ಆಗ ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳಿಸುತ್ತಾರೆ. ಮಸುಕಾಗಿ ಬಂದರೆ 1+. ಇಷ್ಟು ಕಡಿಮೆ ಹರ್-2 ಇರುವ ಗಡ್ಡೆ ಆ ಸಂಕೇತದ ಮೇಲೆ ನಿಂತಿಲ್ಲ, ಆದ್ದರಿಂದ ಟ್ರಾಸ್ಟುಜುಮಾಬ್ ಒಂದೇ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ‘ನೆಗೆಟಿವ್’ ಎಂದದ್ದು ಆ ಅರ್ಥದಲ್ಲಿ. ಆದರೆ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧದಲ್ಲಿ ಅದೇ ಪ್ರತಿಕಾಯಕ್ಕೆ ಕೀಮೋ ಅಣುಗಳನ್ನು ಕಟ್ಟಿರುತ್ತಾರೆ. ಅದಕ್ಕೆ ಹರ್-2 ವಿಳಾಸವಾಗಿ ಇದ್ದರೆ ಸಾಕು. 1+ ಅಥವಾ ಫಿಶ್ ನೆಗೆಟಿವ್ ಆದ 2+ ಇದ್ದು, ದೇಹದ ಬೇರೆಡೆಗೆ ಹರಡಿದ, ಕೀಮೋ ಆಗಲೇ ಪಡೆದಿದ್ದ ಮಹಿಳೆಯರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ ಬೇರೆ ಕೀಮೋದಲ್ಲಿ 5.1 ತಿಂಗಳಿದ್ದರೆ ಇದರಲ್ಲಿ 9.9 ತಿಂಗಳು. 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅವರಿಗೂ ಈ ಔಷಧಕ್ಕೆ ಅನುಮತಿ ಸಿಕ್ಕಿತು. ಆದ್ದರಿಂದ, ಅಮ್ಮಾ, ಬರೀ ‘ನೆಗೆಟಿವ್’ ಎಂದು ಬರೆಸಿಕೊಂಡು ಬರಬೇಡಿ. ಆ ಅಂಕಿಯನ್ನು ಬರೆಸಿಕೊಂಡು ಬನ್ನಿ. ಗಡ್ಡೆಯ ತುಣುಕಿರುವ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿ ಇರುತ್ತದೆ, ಅದನ್ನು ಕೇಳಿ ಪಡೆದು ಜೋಪಾನ ಮಾಡಿ. ಮುಂದೆ ಅಗತ್ಯ ಬಿದ್ದರೆ ಅದನ್ನೇ ಮತ್ತೆ ಪರೀಕ್ಷಿಸಬಹುದು.